ಸೇಲಂ–ಧರ್ಮಪುರಿ ಜಿಲ್ಲೆಗಳಲ್ಲಿ ತಂತ್ರಜ್ಞಾನ, ಉದ್ಯೋಗ ಮತ್ತು ಕಿರು ಆನ್‌ಲೈನ್ ವ್ಯಾಪಾರ

ತಮಿಳುನಾಡಿನ ಸೇಲಂ ಜಿಲ್ಲೆಯಲ್ಲಿ ತಂತ್ರಜ್ಞಾನದ ಬದಲಾವಣೆ ಮೊದಲು ಮಗ್ಗಕ್ಕೆ ಬಂತು, ಆಮೇಲೆ ಅಂಗಡಿಗೆ; ನೆರೆಯ ಧರ್ಮಪುರಿಯಲ್ಲಿ ಹೊಲಕ್ಕೆ. ಧರ್ಮಪುರಿ 1965ರ ಅಕ್ಟೋಬರ್ 2ರಂದು ಸೇಲಂನಿಂದ ಬೇರ್ಪಟ್ಟು ಜಿಲ್ಲೆಯಾಯಿತು. 2004ರಲ್ಲಿ ಕೃಷ್ಣಗಿರಿ ಅದರಿಂದ ಬೇರೆಯಾದಾಗ ಹೊಸೂರಿನ ಕಾರ್ಖಾನೆಗಳೂ ಹೊಸ ಜಿಲ್ಲೆಯ ಪಾಲಿಗೆ ಹೋದವು. ಸೇಲಂಗೆ ನೇಯ್ಗೆ, ಬೆಳ್ಳಿ ಕಾಲ್ಗೆಜ್ಜೆ, ಸಾಬಕ್ಕಿ, ಉಕ್ಕು ಎಂದು ಹಲವು ಕಸುಬುಗಳಿವೆ. ಧರ್ಮಪುರಿಯ ಬದುಕು ಬಹುಮಟ್ಟಿಗೆ ಬೇಸಾಯವನ್ನೂ ಬೆಂಗಳೂರು, ತಿರುಪ್ಪೂರಿನಂಥ ಊರುಗಳ ಕೂಲಿಯನ್ನೂ ನಂಬಿದೆ.

ಸೇಲಂ ಸುತ್ತಿನ ನೇಕಾರರಲ್ಲಿ ಕನ್ನಡ ಮನೆಮಾತಿನ ದೇವಾಂಗರು, ಸೌರಾಷ್ಟ್ರ ಭಾಷೆಯವರು, ತಮಿಳರು ಎಲ್ಲರೂ ಇದ್ದಾರೆ. ಚೌಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುವ ದೇವಾಂಗ ಕುಟುಂಬಗಳು ಮನೆಯಲ್ಲಿ ಕನ್ನಡವಾಡಿ ಲೆಕ್ಕಪತ್ರ, ಓದುಬರಹವನ್ನೆಲ್ಲ ತಮಿಳಿನಲ್ಲಿ ನಡೆಸುತ್ತವೆ. ‘ಸೇಲಂ ವೆಣ್ಪಟ್ಟು’ ಎಂಬ ಬಿಳಿ ರೇಷ್ಮೆಯ ಪಂಚೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಕೈಮಗ್ಗ ತಂತ್ರಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಯೂ 1960ರಿಂದ ಸೇಲಂನಲ್ಲಿದೆ.

ಕೈಮಗ್ಗದಲ್ಲಿ ದಿನಗಟ್ಟಲೆ ಹಿಡಿಯುವ ಸೀರೆ ವಿದ್ಯುತ್ ಮಗ್ಗದಲ್ಲಿ ಕೆಲವು ಗಂಟೆಗಳ ಕೆಲಸ. ಒಬ್ಬನೇ ಆಳು ಹಲವು ಮಗ್ಗ ನೋಡಿಕೊಳ್ಳಬಲ್ಲ. ಮಗ್ಗ ಮನೆಯಿಂದ ಶೆಡ್ಡಿಗೆ ಹೋದಾಗ, ಕೂಲಿ ಲೆಕ್ಕಕ್ಕೇ ಬಾರದೆ ಮನೆಯ ಹೆಂಗಸರೂ ಮುದುಕರೂ ಮಾಡುತ್ತಿದ್ದ, ನೂಲನ್ನು ಕಂಡಿಕೆಗೆ ಸುತ್ತುವ ಕೆಲಸವೂ ಹೋಯಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕೇಂದ್ರ ಕಾಯ್ದೆ ಇದನ್ನು ನಿಧಾನಗೊಳಿಸಿರಬಹುದು, ತಡೆಯಲಿಲ್ಲ. ದೇಶದಲ್ಲಿ ಕೈಮಗ್ಗದ ಕೆಲಸಗಾರರ ಸಂಖ್ಯೆ 2009–10ರ ಗಣತಿಯಲ್ಲಿ ಸುಮಾರು 43 ಲಕ್ಷವಿತ್ತು. 2019–20ರಲ್ಲಿ ಅದು ಸುಮಾರು 35 ಲಕ್ಷಕ್ಕೆ ಇಳಿಯಿತು. ತಮಿಳುನಾಡು ಸರ್ಕಾರ ಎರಡು ತಿಂಗಳಿಗೊಮ್ಮೆ ಕೈಮಗ್ಗಕ್ಕೆ 300, ವಿದ್ಯುತ್ ಮಗ್ಗಕ್ಕೆ 1000 ಯೂನಿಟ್ ಉಚಿತ ವಿದ್ಯುತ್ ಕೊಡುತ್ತದೆ (2023ರ ಏರಿಕೆಯ ನಂತರ). ಪೈಪೋಟಿಗಿಳಿದ ಇಬ್ಬರಿಗೂ ಒಂದೇ ಕೈ ನೆರವಾಗುತ್ತಿದೆ ಎನ್ನಬೇಕು.

ಎರಡನೆಯ ಪೆಟ್ಟು ಬಿದ್ದದ್ದು ವಿನ್ಯಾಸದ ಕೆಲಸಕ್ಕೆ. ಜಕಾರ್ಡ್ ಮಗ್ಗದಲ್ಲಿ ಸೆರಗಿನ ಚಿತ್ರವನ್ನು ಮೊದಲು ಚೌಕುಳಿ ಕಾಗದದ ಮೇಲೆ ಬರೆದು, ಅದರಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು, ಪಟ್ಟಿಗಳನ್ನು ಸಾಲಾಗಿ ಹೆಣೆದು ಮಗ್ಗದ ಮೇಲೆ ಕಟ್ಟಬೇಕಿತ್ತು. ಒಂದು ಪಟ್ಟಿಯ ತೂತುಗಳು ಹೊಕ್ಕಿನ ಒಂದು ಎಳೆಗೆ ಹಾಸಿನ ಯಾವ ನೂಲು ಮೇಲೇಳಬೇಕೆಂದು ನಿರ್ಧರಿಸುತ್ತವೆ. ದೊಡ್ಡ ಸೆರಗಿಗೆ ಸಾವಿರಾರು ಪಟ್ಟಿ ಬೇಕಾದದ್ದೂ ಉಂಟು. ಕಂಪ್ಯೂಟರಿನಲ್ಲಿ ವಿನ್ಯಾಸ ಬಿಡಿಸಿ ಕಡತವನ್ನು ನೇರವಾಗಿ ಓದಿಸುವ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಲ್ಲಿ, ಚೌಕುಳಿ ಬರೆಯುವವನಿಗೂ ತೂತು ಹೊಡೆಯುವವನಿಗೂ ಕೆಲಸವಿಲ್ಲ. ಆ ಜಾಗಕ್ಕೆ ಸಾಫ್ಟ್‌ವೇರ್ ಬಲ್ಲ ಕೆಲವೇ ಹುಡುಗರು ಬಂದರು. ಹಿಂದೆ ಒಂದು ವಿನ್ಯಾಸ ಕದಿಯಬೇಕಾದರೆ ರಟ್ಟಿನ ಮೂಟೆಯನ್ನೇ ಹೊರಬೇಕಿತ್ತು. ಈಗ ಪೆನ್‌ಡ್ರೈವ್ ಸಾಕು.

ಸೇಲಂ ಹತ್ತಿರದ ಇಳಂಪಿಳ್ಳೈ ಸೀರೆಗಳ ದೊಡ್ಡ ಸಗಟು ಪೇಟೆ. 2016ರಲ್ಲಿ ಮೊಬೈಲ್ ಡೇಟಾ ಅಗ್ಗವಾಯಿತು, ಯುಪಿಐ ಪಾವತಿಯೂ ಅದೇ ವರ್ಷ ಶುರುವಾಯಿತು. ಇವೆರಡೂ ಕೂಡಿದ ಮೇಲೆ ಸಗಟು ಅಂಗಡಿಗೂ ಕೊಳ್ಳುವವರಿಗೂ ನಡುವೆ ಹೊಸದೊಂದು ಸರಪಳಿ ಬೆಳೆಯಿತು. ಸೀರೆಯ ಒಡಲು, ಅಂಚು, ಸೆರಗು, ರವಿಕೆ ತುಂಡು ಬೇರೆ ಬೇರೆ ಕಾಣುವಂತೆ ಫೋಟೊ ತೆಗೆದು, ಕೋಡ್ ನಂಬರ್ ಹಾಕಿ ವಾಟ್ಸ್ಯಾಪ್ ಗುಂಪಿಗೆ ಬಿಡುತ್ತಾರೆ. ಗುಂಪಿನಲ್ಲಿರುವ ಮರುಮಾರಾಟಗಾರ್ತಿಯರು, ಹೆಚ್ಚಾಗಿ ಮನೆಯಲ್ಲೇ ಇರುವ ಹೆಂಗಸರು, ತಮ್ಮ ಲಾಭ ಸೇರಿಸಿ ಅದೇ ಫೋಟೊವನ್ನು ಪರಿಚಿತರಿಗೆ ಕಳಿಸುತ್ತಾರೆ. ಗಿರಾಕಿ ಹಣ ಹಾಕಿದ ಸ್ಕ್ರೀನ್‌ಶಾಟ್ ಬಂದ ಮೇಲೆ ವಿಳಾಸ ಸಗಟು ಅಂಗಡಿಗೆ ಹೋಗುತ್ತದೆ. ಪಾರ್ಸೆಲ್ ಅಲ್ಲಿಂದಲೇ ಕೊರಿಯರ್‌ಗೆ ಸೇರುತ್ತದೆ. ಮಾರಿದವಳು ಆ ಸೀರೆಯನ್ನು ಕೈಯಲ್ಲಿ ಹಿಡಿದಿರುವುದೇ ಇಲ್ಲ. ಬಂಡವಾಳವಿಲ್ಲದೆ ವ್ಯಾಪಾರಕ್ಕಿಳಿಯುವ ಅನುಕೂಲ ಇಲ್ಲಿದೆ. ಆದರೆ ತೆರೆಯ ಮೇಲಿನ ಬಣ್ಣ ಸೀರೆಯಲ್ಲಿಲ್ಲ ಎಂಬ ಜಗಳಕ್ಕೆ ಉತ್ತರ ಕೊಡಬೇಕಾದವಳೂ ಅವಳೇ. ಪಾರ್ಸೆಲ್ ಬಿಚ್ಚುವಾಗಿನ ವಿಡಿಯೊ ಇಲ್ಲದಿದ್ದರೆ ಸೀರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಷರತ್ತು ಇಂಥ ವ್ಯಾಪಾರದಲ್ಲಿ ಸಾಮಾನ್ಯವಾದದ್ದು ಈ ಕಾರಣಕ್ಕೇ.

ಫೋಟೊ ತೆಗೆಯುವುದು, ಸೀರೆ ಉಟ್ಟು ವಿಡಿಯೊದಲ್ಲಿ ತೋರಿಸುವುದು, ಪ್ಯಾಕಿಂಗ್, ವಿಳಾಸ ಚೀಟಿ ಅಂಟಿಸುವುದು, ಇವೆಲ್ಲ ಹೊಸ ಕೆಲಸಗಳು. ಮಗ್ಗದಲ್ಲಿ ಕಳೆದುಹೋದ ಕೂಲಿ ಇಲ್ಲಿ ಅದೇ ಕೈಗೆ ಮರಳಿ ಸಿಗುವುದು ಅಪರೂಪ. ನಡುವಯಸ್ಸು ದಾಟಿದ ನೇಕಾರ ಕಳೆದುಕೊಂಡದ್ದು ಮೊಬೈಲ್ ಪಳಗಿದ ಇಪ್ಪತ್ತರ ಹರೆಯದವರಿಗೆ ಸಿಗುತ್ತದೆ. ಈ ಹೊಸ ಕೆಲಸವೂ ಗಟ್ಟಿ ನೆಲದ ಮೇಲೆ ನಿಂತಿಲ್ಲ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅದರಲ್ಲಿ ಗಿರಾಕಿಗಳನ್ನು ಕಟ್ಟಿಕೊಂಡಿದ್ದ ದೇಶದ ಕಿರು ವ್ಯಾಪಾರಿಗಳು ಒಂದೇ ರಾತ್ರಿಯಲ್ಲಿ ಅವರನ್ನು ಕಳೆದುಕೊಂಡರು. ಗಿರಾಕಿಗಳ ಫೋನ್ ನಂಬರನ್ನು ಸ್ವಂತ ಪುಸ್ತಕದಲ್ಲಿ ಬರೆದಿಟ್ಟುಕೊಂಡ ವ್ಯಾಪಾರಿ ಉಳಿದುಕೊಳ್ಳುತ್ತಾನೆ. ಆ ಪಟ್ಟಿ ಆ್ಯಪ್ ಕಂಪನಿಯ ಕೈಯಲ್ಲಿದ್ದರೆ ಅವನು ಬಾಡಿಗೆದಾರನಷ್ಟೇ.

ತೆರಿಗೆ ನಿಯಮವೂ ವ್ಯಾಪಾರದ ದಿಕ್ಕನ್ನು ತಿರುಗಿಸುತ್ತದೆ. ಜಿಎಸ್‌ಟಿ ಬಂದ ಮೇಲೆ ಆನ್‌ಲೈನ್ ಮಾರುಕಟ್ಟೆ ತಾಣಗಳ ಮೂಲಕ ಸರಕು ಮಾರುವವರಿಗೆ ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ನೋಂದಣಿಗೆ ಗೊತ್ತುಪಡಿಸಿದ ವಹಿವಾಟಿನ ಮಿತಿಯೊಳಗಿನ ವ್ಯಾಪಾರಿಗಳಿಗೆ ವಿನಾಯಿತಿ ಸಿಕ್ಕಿತು. ಮಾರಾಟ ಮಾತ್ರ ಸ್ವಂತ ರಾಜ್ಯದೊಳಗೇ ಇರಬೇಕು. ಧರ್ಮಪುರಿಗೆ ರಸ್ತೆಯಲ್ಲಿ ಹತ್ತಿರವಿರುವುದು ಬೆಂಗಳೂರು, ಕಾನೂನಿನಲ್ಲಿ ಹತ್ತಿರವಿರುವುದು ಚೆನ್ನೈ. ಮನೆಯಲ್ಲಿ ಕನ್ನಡವಾಡುವ ವ್ಯಾಪಾರಿಗೆ ಕರ್ನಾಟಕದ ಗಿರಾಕಿಯೊಡನೆ ಮಾತಿನ ತೊಡಕಿಲ್ಲ. ತೊಡಕಿರುವುದು ರಾಜ್ಯದ ಗಡಿಯಲ್ಲಿ.

ಧರ್ಮಪುರಿಯಲ್ಲಿ ಯಂತ್ರ ಬಂದದ್ದು ಹೊಲಕ್ಕೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ನಿಖರ ಬೇಸಾಯ ಯೋಜನೆ 2004–05ರಲ್ಲಿ ಆರಂಭವಾದದ್ದು ಧರ್ಮಪುರಿ ಮತ್ತು ಕೃಷ್ಣಗಿರಿಯ 400 ಹೆಕ್ಟೇರ್‌ಗಳಲ್ಲಿ. ನೀರಿನ ಜೊತೆ ಗೊಬ್ಬರವನ್ನೂ ಹನಿಹನಿಯಾಗಿ ಬೇರಿಗೆ ಕೊಡುವ ಈ ವಿಧಾನದಲ್ಲಿ ತರಕಾರಿಯ ಇಳುವರಿ ಹೆಚ್ಚುತ್ತದೆ. ನೀರು ಹಾಯಿಸುವ, ಕಳೆ ಕೀಳುವ ಕೂಲಿ ತಗ್ಗುತ್ತದೆ. ಕೊಯ್ಲಿನ ಕೂಲಿ ಇಳುವರಿಯ ಜೊತೆ ಏರುತ್ತದೆ. ಮಳೆ ಕಡಿಮೆಯ ಜಿಲ್ಲೆಯಲ್ಲಿ ನೀರಿನ ಉಳಿತಾಯವೇ ದೊಡ್ಡದು. ಹೊಲ ಬಿಟ್ಟು ನಗರಕ್ಕೆ ಹೋದ ಯುವಕರಿಗೆ ಕಟ್ಟಡದ ಕೆಲಸದ ಜೊತೆಗೆ ಈಗ ಆ್ಯಪ್ ಆಧಾರಿತ ಡೆಲಿವರಿಯೂ ಒಂದು ದಾರಿ.

ಸೇಲಂನಲ್ಲಿ ಆಸ್ಪತ್ರೆ ದಾಖಲೆಗಳನ್ನು ಬಿಲ್ಲಿನ ಸಂಕೇತಗಳಾಗಿ ಬದಲಿಸುವ ಕೋಡಿಂಗ್‌ನಂಥ ಹೊರಗುತ್ತಿಗೆ ಕಚೇರಿಗಳು ಪದವೀಧರರಿಗೆ ಊರಿನಲ್ಲೇ ಸಂಬಳ ಕೊಟ್ಟಿವೆ. ಆದರೆ ಇದೇ ವಲಯದ, ವೈದ್ಯರ ಧ್ವನಿಮುದ್ರಿಕೆ ಕೇಳಿ ಟೈಪ್ ಮಾಡುವ ಕೆಲಸವನ್ನು ಧ್ವನಿ ಗುರುತಿಸುವ ಸಾಫ್ಟ್‌ವೇರ್ ಎಲ್ಲೆಡೆ ಕುಗ್ಗಿಸಿದೆ. ಕೋಡಿಂಗ್‌ನ ಸರಳ ಭಾಗ ಕೃತಕ ಬುದ್ಧಿಮತ್ತೆಯ ಪಾಲಾಗುವಂಥದ್ದು. ತಪ್ಪು ಹಿಡಿಯುವ ಕೆಲಸ ಮನುಷ್ಯರಿಗೆ ಉಳಿಯುವಂಥದ್ದು.

2025ರ ನವೆಂಬರ್ 21ರಿಂದ ಜಾರಿಯಾದ 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಮತ್ತು ಪ್ಲಾಟ್‌ಫಾರ್ಮ್ ಕೆಲಸಗಾರರನ್ನು ಕಾನೂನಿನಲ್ಲಿ ಗುರುತಿಸಿದೆ. ಅವರ ಕಲ್ಯಾಣಕ್ಕೆ ಆ್ಯಪ್ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2ರಷ್ಟು ವಂತಿಗೆ ಕೊಡಬೇಕು. ಧರ್ಮಪುರಿಯಿಂದ ಬೆಂಗಳೂರಿಗೆ ಹೋದ ಡೆಲಿವರಿ ಹುಡುಗ ಇದರ ವ್ಯಾಪ್ತಿಗೆ ಬರುತ್ತಾನೆ. ವಾಟ್ಸ್ಯಾಪ್ ಗುಂಪಿನಲ್ಲಿ ಸೀರೆ ಮಾರುವ ಹೆಂಗಸಿನ ಹೆಸರಿನಲ್ಲಿ ವಂತಿಗೆ ಕೊಡುವ ಕಂಪನಿ ಇಲ್ಲ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ತೆರೆದ ಇ-ಶ್ರಮ್ ಪೋರ್ಟಲ್‌ನಲ್ಲಿ ಸ್ವಯಂ ಉದ್ಯೋಗಿಯೆಂದು ಹೆಸರು ನೋಂದಾಯಿಸಲು ಅವಳಿಗೆ ಅವಕಾಶವಿದೆ.