ಪರದೆಯಿಂದ ಅಚ್ಚಿಗೆ: ಕರಗ್ಯೋಜ್ ನಾಲಿಗೆ

ಒಸ್ಮಾನಿಯಾ ಸಾಮ್ರಾಜ್ಯದ ನೆರಳುಗೊಂಬೆಯಾಟಕ್ಕೆ ಅದರ ನಾಯಕನ ಹೆಸರೇ ನಿಂತು ‘ಕರಗ್ಯೋಜ್’ ಎಂದಾಯಿತು. ಒಂಟೆಯ ಇಲ್ಲವೆ ಎಮ್ಮೆಯ ತೊಗಲನ್ನು ಬೆಳಕು ಹಾಯುವಂತೆ ಹದಮಾಡಿ ಬಣ್ಣ ಕಟ್ಟಿದ ಗೊಂಬೆಗಳನ್ನು ಪರದೆಗೆ ಲಂಬವಾಗಿ ಹಿಡಿದ ಕೋಲುಗಳಿಂದ ಆಡಿಸುವ ‘ಹಯಾಲಿ’, ಅಂದರೆ ಸೂತ್ರಧಾರ, ಎಲ್ಲ ಪಾತ್ರಗಳಿಗೂ ತಾನೊಬ್ಬನೇ ದನಿ ಕೊಡುತ್ತಿದ್ದನು. ಕರಗ್ಯೋಜ್ ಮತ್ತು ಹಾಜಿವಾತ್ ಎಂಬಿಬ್ಬರು ಬುರ್ಸಾದಲ್ಲಿ ಮಸೀದಿ ಕಟ್ಟುತ್ತಿದ್ದ ಕೆಲಸಗಾರರೆಂದೂ, ಅವರ ಹಾಸ್ಯದಿಂದ ಕೆಲಸ ನಿಂತುಹೋಗಲು ಸುಲ್ತಾನನು ಅವರನ್ನು ಕೊಲ್ಲಿಸಿದನೆಂದೂ ಹೇಳುವ ಐತಿಹ್ಯವು ಜನಪ್ರಿಯವಾದರೂ, ಇತಿಹಾಸಕಾರರಿಗೆ ಹೆಚ್ಚು ಆಧಾರವೆನಿಸುವುದು ಈಜಿಪ್ಟನ್ನು ಗೆದ್ದ ಒಂದನೆಯ ಸಲೀಮನು 1517ರಲ್ಲಿ ಅಲ್ಲಿ ನೆರಳಾಟ ನೋಡಿ ಮೆಚ್ಚಿದನೆಂಬ ಚರಿತ್ರಕಾರ ಇಬ್ನ್ ಇಯಾಸನ ಬರಹವೇ.

ರಂಜಾನ್ ರಾತ್ರಿಗಳಲ್ಲಿ ಕಾಫಿಖಾನೆಗಳಲ್ಲಿ ನಡೆಯುತ್ತಿದ್ದ ಈ ಆಟದ ಜೀವವಿದ್ದುದು ಕಥೆಯಲ್ಲಿ ಅಲ್ಲ, ‘ಮುಹಾವೆರೆ’ ಎಂಬ ಸಂಭಾಷಣೆಯಲ್ಲಿ. ಪಾರಸಿ, ಅರಬ್ಬಿ ಪದಗಳಿಂದ ತುಂಬಿದ ಪಂಡಿತಮಾತನ್ನು ಹಾಜಿವಾತ್ ಆಡಿದರೆ, ಅದನ್ನು ತಪ್ಪಾಗಿ ಕೇಳಿಸಿಕೊಳ್ಳುವ ಕರಗ್ಯೋಜ್ ಬೀದಿಯ ತುರ್ಕಿಯಲ್ಲಿ ಉತ್ತರಿಸುತ್ತಿದ್ದನು. ಆ ಪೆದ್ದುತನದ ಮರೆಯಲ್ಲಿ ಅಧಿಕಾರಿಗಳ ಲಂಚವೂ ದೊಡ್ಡವರ ಠೀವಿಯೂ ಗೇಲಿಗೆ ಸಿಕ್ಕುತ್ತಿದ್ದವು. ಸಂಭಾಷಣೆಯ ಬಹುಪಾಲು ಆ ಹೊತ್ತಿಗೆ ಹುಟ್ಟಿದ್ದಾಗಿದ್ದುದರಿಂದ ಆಡಿದ ಮಾತು ದೀಪ ಆರುವುದರೊಳಗೆ ಮಾಯವಾಗುತ್ತಿತ್ತು, ಹಯಾಲಿಗೆ ಅದೇ ರಕ್ಷೆ.

ಬರಹಗಾರರು ಕರಗ್ಯೋಜನನ್ನು ತಮ್ಮ ಮಾತಿನ ಮುಖವಾಡವಾಗಿ ಎರವಲು ಪಡೆದಾಗ ಆ ರಕ್ಷೆ ಜೊತೆಗೆ ಬರಲಿಲ್ಲ. ತಿಯೊಡೊರ್ ಕಸಾಪ್ ನಡೆಸುತ್ತಿದ್ದ ‘ಹಯಾಲ್’ ಎಂಬ ವಿಡಂಬನ ಪತ್ರಿಕೆ, 1876ರ ಸಂವಿಧಾನವು ಕಾನೂನಿನ ಮಿತಿಯೊಳಗೆ ಪತ್ರಿಕೆಗಳಿಗೆ ಸ್ವಾತಂತ್ರ್ಯವುಂಟೆಂದು ಸಾರಿದ ಮರುವರ್ಷವೇ, ಕೈಕಾಲು ಕಟ್ಟಿಸಿಕೊಂಡ ಕರಗ್ಯೋಜನ ವ್ಯಂಗ್ಯಚಿತ್ರವನ್ನು ಅಚ್ಚು ಹಾಕಿತು. ಸಂಪಾದಕನಿಗೆ ಸೆರೆಮನೆ ಶಿಕ್ಷೆಯಾಯಿತು. ಕಾಫಿಖಾನೆಯ ಗೇಲಿಗೆ ಸಾಕ್ಷಿ ಸಿಗುತ್ತಿರಲಿಲ್ಲ, ಹಾಳೆಯ ಗೇಲಿ ತಾನೇ ಸಾಕ್ಷಿಯಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಸಂವಿಧಾನವು ಮತ್ತೆ ಜಾರಿಗೆ ಬಂದ 1908ರಲ್ಲಿ ‘ಕರಗ್ಯೋಜ್’ ಎಂಬ ಹೆಸರಿನದೇ ಪತ್ರಿಕೆ ಹುಟ್ಟಿ, ಈ ಜೋಡಿಯ ಮಾತುಕತೆಯ ಮೂಲಕ ದಿನದ ರಾಜಕೀಯವನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿತು.

ಜರ್ಮನ್ ವಿದ್ವಾಂಸ ಹೆಲ್ಮುಟ್ ರಿಟ್ಟರ್, ಅರಮನೆಯ ಹಯಾಲಿ ನಜೀಫನಿಂದ ಕೇಳಿ ಬರೆದುಕೊಂಡ ಆಟಗಳನ್ನು 1924ರಲ್ಲಿ ಪ್ರಕಟಿಸುವ ವೇಳೆಗೆ ಕಾಫಿಖಾನೆಯ ಪರದೆಗಳು ವಿರಳವಾಗತೊಡಗಿದ್ದವು. ಆಶುಮಾತು ಹೀಗೆ ಪಠ್ಯವಾದ ಬಳಿಕ ಇಸ್ಮಾಯಿಲ್ ಹಕ್ಕಿ ಬಲ್ತಜಿಓಲು, ಅಜೀಜ್ ನೆಸಿನ್ ಮುಂತಾದವರು ಹೊಸ ಕರಗ್ಯೋಜ್ ನಾಟಕಗಳನ್ನು ಬರೆದರು. ಹಳೆಯ ಗೊಂಬೆಗೆ ಮಾತು ಕೊಡುವವನು ಈಗ ಪರದೆಯ ಹಿಂದೆ ಕೂರಬೇಕಾಗಿರಲಿಲ್ಲ.