ಮೂಗಿಗೊಂದು ಮದ್ದು, ಹೊಟ್ಟೆಗೊಂದು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಇಂಗ್ಲೆಂಡಿನ ಶಸ್ತ್ರವೈದ್ಯ ಫ್ರ್ಯಾಂಕ್ ಟೋವಿ 1951ರಿಂದ 1967ರವರೆಗೆ ಅಲ್ಲಿ ಕೆಲಸ ಮಾಡಿದರು. ದಕ್ಷಿಣ ಭಾರತದಲ್ಲಿ ಒಂದು ಕಾಯಿಲೆ ವಿಪರೀತ ಎಂಬುದು ಅವರ ಗಮನಕ್ಕೆ ಬಂತು. ಜಠರ ಮುಗಿದು ಸಣ್ಣ ಕರುಳು ಶುರುವಾಗುವ ಜಾಗದಲ್ಲಿ ಏಳುವ ಹುಣ್ಣು ಅದು. ಹುಣ್ಣು ಮಾಯುತ್ತದೆ, ಮತ್ತೆ ಏಳುತ್ತದೆ. ಕೆಲವರಲ್ಲಿ ಕಲೆಗಟ್ಟಿ ದಾರಿಯೇ ಕಿರಿದಾಗಿ, ಉಂಡ ಅನ್ನ ಕೆಳಗಿಳಿಯದೆ ವಾಂತಿಯಾಗುತ್ತದೆ. ಅಂಥವರಿಗೆ ಆಗ ಇದ್ದ ಉಪಾಯ ಶಸ್ತ್ರಚಿಕಿತ್ಸೆ. ಆಮ್ಲ ಸುರಿಸುವಂತೆ ಜಠರಕ್ಕೆ ಸಂದೇಶ ಒಯ್ಯುವ ನರವನ್ನು ಕತ್ತರಿಸಿ, ಜಠರಕ್ಕೂ ಕರುಳಿಗೂ ಹೊಸ ದಾರಿ ಹೊಲಿಯುತ್ತಿದ್ದರು.

ಟೋವಿ ಕತ್ತರಿಗೇ ನಿಲ್ಲಲಿಲ್ಲ. ಭಾರತದ ಯಾವ ಭಾಗದಲ್ಲಿ ಈ ಹುಣ್ಣು ಹೆಚ್ಚು, ಎಲ್ಲಿ ಕಡಿಮೆ ಎಂದು ಹುಡುಕಿದರು. ಅನ್ನ ಉಣ್ಣುವ ದಕ್ಷಿಣ ಮತ್ತು ಪೂರ್ವದಲ್ಲಿ ಹೆಚ್ಚು, ತೌಡು ತೆಗೆಯದ ಗೋಧಿ ತಿನ್ನುವ ವಾಯವ್ಯದಲ್ಲಿ ಕಡಿಮೆ ಎಂದು 1979ರಲ್ಲಿ 'ಗಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ಅವರು ಮೈಸೂರಿನಲ್ಲಿದ್ದಷ್ಟು ಕಾಲವೂ ಈ ಹುಣ್ಣಿಗೆ ಒಳ್ಳೆಯ ಮಾತ್ರೆ ಇರಲಿಲ್ಲ. ಇದರಲ್ಲೊಂದು ವಿಚಿತ್ರವಿದೆ. ಜಠರದಲ್ಲಿ ಆಮ್ಲ ಉಕ್ಕಿಸುವ ವಸ್ತು ಯಾವುದೆಂದು ಆ ಹೊತ್ತಿಗಾಗಲೇ ಗೊತ್ತಿತ್ತು. ಅದು ಹಿಸ್ಟಮಿನ್. ಹಿಸ್ಟಮಿನ್ ತಡೆಯುವ ಮಾತ್ರೆಗಳೂ ಅಂಗಡಿಗೆ ಬಂದಿದ್ದವು. ನೆಗಡಿ, ತುರಿಕೆಗೆ ಅವು ಕೆಲಸ ಮಾಡುತ್ತಿದ್ದವು. ಹೊಟ್ಟೆಗೆ ಮಾತ್ರ ಏನೂ ಮಾಡುತ್ತಿರಲಿಲ್ಲ.

ಹಿಸ್ಟಮಿನ್ ಹೊರಗಿನ ವಿಷವಲ್ಲ. ನಾವು ತಿನ್ನುವ ಪ್ರೋಟೀನಿನಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಿಂದ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. ಚರ್ಮ, ಮೂಗು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳು ಅದನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ಅಲರ್ಜಿ ಇರುವವರ ಮೂಗಿಗೆ ಪಾರ್ಥೇನಿಯಂ ಪರಾಗ ಬಿದ್ದರೆ ಆ ಚೀಲಗಳು ಒಡೆಯುತ್ತವೆ. ಹೊರಬಿದ್ದ ಹಿಸ್ಟಮಿನ್ ರಕ್ತನಾಳಗಳ ಮೇಲಿನ ಗ್ರಾಹಕಗಳಲ್ಲಿ ಕೂರುತ್ತದೆ. ನಾಳ ಹಿಗ್ಗಿ ನೀರು ಸೋರುತ್ತದೆ, ನರ ಕೆರಳಿ ಸೀನು, ತುರಿಕೆ ಬರುತ್ತವೆ.

ಮಾತ್ರೆ ಹಿಸ್ಟಮಿನ್ ಅನ್ನು ನಾಶ ಮಾಡುವುದಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಅದರ ಕೆಲಸವೂ ಅಂಥದ್ದೇ. ಹಿಸ್ಟಮಿನ್ ಬಸ್ಸು ಹತ್ತುತ್ತದೆ, ಕೂರಲು ಸೀಟಿಲ್ಲ. ಅಲರ್ಜಿ ಕಾಣಿಸಿಕೊಂಡ ಮೇಲೆ ನುಂಗುವುದಕ್ಕಿಂತ ಮೊದಲೇ ನುಂಗಿದರೆ ಮಾತ್ರೆ ಹೆಚ್ಚು ಕೆಲಸ ಮಾಡುವುದೂ ಇದಕ್ಕೇ. ಹಳೆಯ ಮಾತ್ರೆಗಳು ಮಿದುಳಿಗೂ ನುಗ್ಗಿ ಅಲ್ಲಿನ ಸೀಟನ್ನೂ ಹಿಡಿಯುತ್ತವೆ. ಅಲ್ಲಿ ಹಿಸ್ಟಮಿನ್ ನಮ್ಮನ್ನು ಎಚ್ಚರವಾಗಿಡುವ ಕೆಲಸದಲ್ಲಿರುವುದರಿಂದ ನಿದ್ದೆ ಬರುತ್ತದೆ.

1910ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಹಿಸ್ಟಮಿನ್ ದೇಹದಲ್ಲಿ ಏನು ಮಾಡುತ್ತದೆಂದು ವಿವರಿಸಿದರು. ಅದು ಜಠರದಲ್ಲಿ ಆಮ್ಲ ಉಕ್ಕಿಸುತ್ತದೆ ಎಂದು ಪೋಲೆಂಡಿನ ಲಿಯೋನ್ ಪೊಪಿಯೆಲ್ಸ್ಕಿ 1920ರಲ್ಲಿ ಪ್ರಕಟಿಸಿದರು. 1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್ ಮರಿ ಸ್ಟಾಬ್ ಹಿಸ್ಟಮಿನ್ ತಡೆಯುವ ಮೊದಲ ವಸ್ತುವನ್ನು ಕಂಡರು. 1940ರ ದಶಕದಲ್ಲಿ ಅದರ ಸುಧಾರಿತ ರೂಪಗಳು ರೋಗಿಗಳ ಕೈಸೇರಿದವು.

ಇವು ಹೊಟ್ಟೆಯಲ್ಲಿ ಸೋತದ್ದೇಕೆ? ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಹಿಡಿದ ಎಳೆ ಇದು: ಜಠರದಲ್ಲಿರುವುದು ಬೇರೆಯೇ ಬಗೆಯ ಸೀಟು. ಅದಕ್ಕೆ ಹೊಂದುವ ಟವೆಲ್ ಹುಡುಕಬೇಕು. 1964ರಲ್ಲಿ ಸ್ಮಿತ್ ಕ್ಲೈನ್ ಆ್ಯಂಡ್ ಫ್ರೆಂಚ್ ಕಂಪನಿ ಸೇರಿದ ಅವರ ತಂಡ ನೂರಾರು ವಸ್ತುಗಳನ್ನು ತಯಾರಿಸಿ ನೋಡಿತು. 1972ರಲ್ಲಿ ಬುರಿಮಮೈಡ್ ಸಿಕ್ಕಿತು, ಬಾಯಿಯಿಂದ ಕೊಟ್ಟರೆ ಅದರ ಬಲ ಸಾಲದು. ಮುಂದಿನದು ಮೆಟಿಯಮೈಡ್, ಅದು ಕೆಲವು ರೋಗಿಗಳ ಬಿಳಿ ರಕ್ತಕಣ ಇಳಿಸಿತು. ಮೂರನೆಯದಾದ ಸಿಮೆಟಿಡಿನ್ 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಮೂಗು, ಚರ್ಮಗಳ ಗ್ರಾಹಕಕ್ಕೆ ಎಚ್1, ಜಠರದ್ದಕ್ಕೆ ಎಚ್2 ಎಂಬ ಹೆಸರು ನಿಂತಿತು. 1988ರಲ್ಲಿ ಬ್ಲ್ಯಾಕ್ ನೊಬೆಲ್ ಹಂಚಿಕೊಂಡರು.

1981ರಲ್ಲಿ ಗ್ಲ್ಯಾಕ್ಸೊ ಕಂಪನಿ ರಾನಿಟಿಡಿನ್ ತಂದಿತು. ಭಾರತದಲ್ಲಿ ಅದರ ಹೆಸರು ಜಿನೆಟಾಕ್. ಕತ್ತರಿಯ ಕೆಲಸವನ್ನು ಬಹುಪಾಲು ಮಾತ್ರೆ ವಹಿಸಿಕೊಂಡಿತು. ಆದರೆ ಮಾತ್ರೆ ನಿಲ್ಲಿಸಿದರೆ ಹುಣ್ಣು ಮತ್ತೆ ಏಳುತ್ತಿತ್ತು. ಹೆಚ್ಚಿನ ಹುಣ್ಣುಗಳ ಹಿಂದೆ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಇದೆಯೆಂದು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ತೋರಿಸಿದ ಮೇಲೆ ಕಾರಣ ತಿಳಿಯಿತು. ಆದರೂ ಎದೆಯುರಿಗೆ, ಹುಳಿತೇಗಿಗೆ ರಾನಿಟಿಡಿನ್ ಮನೆಮಾತಾಗಿಯೇ ಉಳಿಯಿತು.

ಆ ಕಂಪನಿಯ ಉತ್ತರಾಧಿಕಾರಿ ಜಿಎಸ್‌ಕೆಗೆ ನಾಸಿಕ್‌ನ ಅಂಬಡ್ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಇದೆ. ಅದರ ಜೊತೆಗೆ ಕೋಲಾರದ ವೇಮಗಲ್‌ನಲ್ಲಿ ವರ್ಷಕ್ಕೆ ನೂರಾರು ಕೋಟಿ ಮಾತ್ರೆ ಮಾಡಬಲ್ಲ ದೊಡ್ಡದೊಂದನ್ನು ಕಂಪನಿ ಕಟ್ಟಿತು. ಅಷ್ಟರಲ್ಲಿ, 2019ರ ಸೆಪ್ಟೆಂಬರಿನಲ್ಲಿ, ರಾನಿಟಿಡಿನ್‌ನಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಲ್ಲ ವಸ್ತು ಸಿಕ್ಕಿದೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೇಳಿತು. ಕಂಪನಿ ಜಿನೆಟಾಕ್ ಹಿಂತೆಗೆದುಕೊಂಡಿತು. ಅದರ ಬೆನ್ನಿಗೇ ವೇಮಗಲ್ ಕಾರ್ಖಾನೆಯ ಬೆಲೆಯಲ್ಲಿ 600 ಕೋಟಿ ರೂಪಾಯಿಗೂ ಹೆಚ್ಚು ಮೊತ್ತವನ್ನು ನಷ್ಟವೆಂದು ಲೆಕ್ಕದಲ್ಲಿ ಬರೆಯಬೇಕಾಯಿತು. ಕೊನೆಗೆ ಅದನ್ನು ಹೆಟೆರೊ ಲ್ಯಾಬ್ಸ್ 180 ಕೋಟಿಗೆ ಕೊಂಡಿತು.

ತಪ್ಪು ಎಚ್2 ಗ್ರಾಹಕವನ್ನು ತಡೆದದ್ದರಲ್ಲಿ ಇರಲಿಲ್ಲ. ರಾನಿಟಿಡಿನ್‌ನ ರಚನೆಯಲ್ಲೇ ಎನ್‌ಡಿಎಂಎ ಆಗಬಲ್ಲ ತುಣುಕುಗಳಿವೆ. ದಿನ ಕಳೆದಂತೆ, ಬಿಸಿಯಲ್ಲಿ ಇಟ್ಟಷ್ಟೂ ಅದು ಹೆಚ್ಚುತ್ತದೆ. ಬೇಸಿಗೆಯ ಗೋದಾಮು, ತಗಡಿನ ಸೂರಿನ ಅಂಗಡಿ ಇರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. 2020ರ ಏಪ್ರಿಲ್‌ನಲ್ಲಿ ಅಮೆರಿಕ ಎಲ್ಲ ರಾನಿಟಿಡಿನ್ ಹಿಂಪಡೆಯಲು ಹೇಳಿತು. ಭಾರತ ನಿಷೇಧಿಸಲಿಲ್ಲ, 2022ರಲ್ಲಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ತೆಗೆಯಿತು. ಅದೇ ಎಚ್2 ಸೀಟಿನಲ್ಲಿ ಕೂರುವ ಫಾಮೊಟಿಡಿನ್‌ಗೆ ಈ ದೋಷ ಕಾಣಿಸಿಲ್ಲ. ಅದು ಇಂದಿಗೂ ಬಳಕೆಯಲ್ಲಿದೆ.