ವಿಂಬೋರ್ನ್‌ನ ದಾಯಾದಿ: ಆಲ್ಫ್ರೆಡ್‌ನ ಉಯಿಲು ಮತ್ತು ಎಥೆಲ್‌ವೋಲ್ಡ್‌ನ ಹಕ್ಕು

899ರ ಅಕ್ಟೋಬರ್ 26ರಂದು ವೆಸೆಕ್ಸ್‌ನ ದೊರೆ ಆಲ್ಫ್ರೆಡ್ ತೀರಿಕೊಂಡ. ಅವನ ಮಗ ಎಡ್ವರ್ಡ್ ಪಟ್ಟಕ್ಕೆ ಬರುತ್ತಿದ್ದಂತೆ, ಆಲ್ಫ್ರೆಡ್‌ನ ಅಣ್ಣನ ಮಗ ಎಥೆಲ್‌ವೋಲ್ಡ್ ಡಾರ್ಸೆಟ್ ಸೀಮೆಯ ವಿಂಬೋರ್ನ್ ಠಾಣ್ಯವನ್ನೂ ಅದರ ಆಗ್ನೇಯದ ಟ್ವಿನ್‌ಹ್ಯಾಮನ್ನೂ ಹಿಡಿದು, ಎಲ್ಲ ಬಾಗಿಲುಗಳನ್ನು ಒಳಗಿನಿಂದ ಭದ್ರಪಡಿಸಿ ಕುಳಿತ. ಆಂಗ್ಲೋ-ಸ್ಯಾಕ್ಸನ್ ಇತಿಹಾಸ ಬರೆಯುವವರು ಇದನ್ನು ಬಹುಮಟ್ಟಿಗೆ ‘ದಂಗೆ’ ಎಂದು ಕರೆದು ಬೇಗನೆ ಮುಂದೆ ಸಾಗುತ್ತಾರೆ. ಎಡ್ವರ್ಡ್‌ನ ದೊಡ್ಡ ಗೆಲುವುಗಳ ಮುಂದೆ ಇದೊಂದು ಸಣ್ಣ ಗಲಭೆಯಾಗಿ ಕಾಣುವುದು ಸಹಜವೇ. ಆದರೆ ದಾಖಲೆಗಳನ್ನು ಒಟ್ಟಿಗಿಟ್ಟು ಓದಿದರೆ ಇದು 28 ವರ್ಷ ಹಳೆಯದಾದ, ಒಮ್ಮೆ ತೀರ್ಪಾಗಿಯೂ ಮುಗಿಯದ ಪಾಲಿನ ವ್ಯಾಜ್ಯದ ಮುಂದುವರಿಕೆ ಎಂಬುದು ತಿಳಿಯುತ್ತದೆ. ಆ ವ್ಯಾಜ್ಯದಲ್ಲಿ ಎಥೆಲ್‌ವೋಲ್ಡ್‌ನ ಪರವಾಗಿ ಉಳಿದಿರುವ ಅತ್ಯುತ್ತಮ ಸಾಕ್ಷ್ಯವೆಂದರೆ, ವಿಚಿತ್ರವೆನಿಸಿದರೂ, ಅವನನ್ನು ಬದಿಗೆ ಸರಿಸಿದ ಆಲ್ಫ್ರೆಡ್‌ನ ಉಯಿಲು.

880ರ ದಶಕದ್ದೆಂದು ಹೆಚ್ಚಿನ ವಿದ್ವಾಂಸರು ಎಣಿಸುವ ಈ ಉಯಿಲು ಆಸ್ತಿಯ ಪಟ್ಟಿಯಿಂದ ಶುರುವಾಗುವುದಿಲ್ಲ. ದೀರ್ಘವಾದ ಸಮರ್ಥನೆಯಿಂದ ಶುರುವಾಗುತ್ತದೆ. ತಂದೆ ಎಥೆಲ್‌ವುಲ್ಫ್ ಮೂವರು ಮಕ್ಕಳಿಗೆ ಅವಿಭಕ್ತವಾಗಿ ಬಿಟ್ಟುಹೋದ ಆಸ್ತಿ ಒಬ್ಬೊಬ್ಬ ಅಣ್ಣ ಸತ್ತಂತೆ ಹೇಗೆ ಕೈ ಬದಲಾಯಿಸಿತು ಎಂಬುದನ್ನು ಆಲ್ಫ್ರೆಡ್ ಹಂತಹಂತವಾಗಿ ವಿವರಿಸುತ್ತಾನೆ. ಅಣ್ಣ ಎಥೆಲ್‌ರೆಡ್ ದೊರೆಯಾದಾಗ ತನ್ನ ಪಾಲನ್ನು ಬೇರೆ ಮಾಡಿಕೊಡೆಂದು ಆಲ್ಫ್ರೆಡ್ ಕೇಳಿದ. ಎಷ್ಟೋ ಸಲ ಪ್ರಯತ್ನಿಸಿದರೂ ಪಾಲು ಮಾಡುವುದು ಸುಲಭವಾಗಲಿಲ್ಲ, ತನ್ನ ಕಾಲಾನಂತರ ಎಲ್ಲವೂ ನಿನಗೇ ಎಂದು ಅಣ್ಣ ಉತ್ತರಿಸಿದ. ಆಮೇಲೆ ಡೇನರ ಸೇನೆಯ ಕಾಟ ಹೆಚ್ಚಿದಾಗ ಇಬ್ಬರೂ ಸ್ವಿನ್‌ಬೋರ್ಗ್ ಎಂಬಲ್ಲಿ ಸಭೆಯ ಮುಂದೆ ಕರಾರು ಮಾಡಿಕೊಂಡರು. ಬದುಕುಳಿದವನು ಇನ್ನೊಬ್ಬನ ಮಕ್ಕಳಿಗೆ, ಅವರ ತಂದೆ ತಾನಾಗಿ ಗಳಿಸಿದ ಭೂಮಿಯನ್ನೂ ಎಥೆಲ್‌ವುಲ್ಫ್ ಜೀವಂತವಿದ್ದಾಗ ಬೇರೆಯಾಗಿ ಕೊಟ್ಟಿದ್ದ ಭೂಮಿಯನ್ನೂ ಬಿಡಬೇಕು. ಮೂವರ ಜಂಟಿ ಆಸ್ತಿ ಮಾತ್ರ ಬದುಕುಳಿದವನಿಗೇ ಸೇರಬೇಕು. ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ನಾವು ಮಾಡುವ ವಿಂಗಡಣೆಗೆ ಇದು ಬಹಳ ಹತ್ತಿರ. 871ರ ಈಸ್ಟರ್ ಕಳೆದ ಮೇಲೆ ಎಥೆಲ್‌ರೆಡ್ ಸತ್ತ. ಎಥೆಲ್‌ಹೆಲ್ಮ್, ಎಥೆಲ್‌ವೋಲ್ಡ್ ಎಂಬ ಎರಡು ಎಳೆಯ ಮಕ್ಕಳಿದ್ದರು. ತಕರಾರು ಎದ್ದಿತು ಎಂದು ಆಲ್ಫ್ರೆಡ್ ತಾನೇ ಒಪ್ಪುತ್ತಾನೆ.

ಆ ತಕರಾರು ಲಾಂಗಂಡೆನ್‌ನಲ್ಲಿ ಸೇರಿದ ವೆಸೆಕ್ಸ್ ಹಿರಿಯರ ಸಭೆಯ ಮುಂದೆ ಬಂದಿತು. ಆಲ್ಫ್ರೆಡ್ ತಂದೆಯ ಉಯಿಲನ್ನು ಓದಿಸಿದ; ತನ್ನ ಮೇಲಿನ ಪ್ರೀತಿಗಾಗಲಿ ಭಯಕ್ಕಾಗಲಿ ಯಾರೂ ನ್ಯಾಯ ಹೇಳಲು ಹಿಂಜರಿಯಬಾರದು, ಎಳೆಯ ಬಂಧುಗಳಿಗೆ ತಾನು ಅನ್ಯಾಯ ಮಾಡಿದೆನೆಂಬ ಮಾತು ಬರಬಾರದು ಎಂದು ಕೇಳಿಕೊಂಡ. ಇದಕ್ಕಿಂತ ನ್ಯಾಯವಾದ ಹಕ್ಕನ್ನು ತಾವು ಕಾಣೆವು ಎಂದು ಸಭೆ ಹೇಳಿತು. ಸಭೆಯೇ ಒಪ್ಪಿದ ಮೇಲೆ ಮಾತೇನು ಎಂಬ ಆಕ್ಷೇಪಕ್ಕೆ ಇಲ್ಲಿ ತೂಕವಿದೆ. ಆದರೆ ತೀರ್ಪು ಹೇಳಿದವರು ಪ್ರತಿವಾದಿಯ ಕೈಕೆಳಗಿನ ಅಧಿಕಾರಿಗಳು, ಅವನ ಕೃಪೆಯಿಂದ ಭೂಮಿ ಪಡೆದವರು, ವಾದಿಗಳು ಮಕ್ಕಳು, ಕಲಾಪದ ವರದಿ ಬರೆಸಿದವನು ಗೆದ್ದ ಕಕ್ಷಿಗಾರ. ತನಗೆ ಹೆದರಬೇಡಿ ಎಂದು ದೊರೆ ಹೇಳಬೇಕಾಗಿ ಬಂದದ್ದೇ ಆ ಹೆದರಿಕೆ ಅಲ್ಲಿತ್ತು ಎಂಬುದನ್ನು ತೋರಿಸುತ್ತದೆ. ಅದೇ ಉಯಿಲಿನ ಇನ್ನೊಂದು ಸಂಗತಿ ನನಗೆ ಇನ್ನೂ ಮುಖ್ಯವೆನಿಸುತ್ತದೆ: ತನ್ನ ಬಳಿ ಹೆಚ್ಚು ಸಂಪತ್ತು, ಹೆಚ್ಚು ಬಂಧುಗಳು ಇದ್ದಾಗ ಬೇರೆ ರೀತಿಯ ಉಯಿಲುಗಳನ್ನು ಬರೆಸಿ ಹಲವರ ಕೈಗೆ ಕೊಟ್ಟಿದ್ದನೆಂದೂ, ಸಿಕ್ಕಷ್ಟನ್ನು ಸುಟ್ಟಿರುವೆನೆಂದೂ, ಉಳಿದದ್ದು ಎಲ್ಲಾದರೂ ಸಿಕ್ಕರೆ ಅದಕ್ಕೆ ಬೆಲೆಯಿಲ್ಲವೆಂದೂ ಆಲ್ಫ್ರೆಡ್ ಹೇಳುತ್ತಾನೆ. ಸುಟ್ಟ ಪತ್ರಗಳಲ್ಲಿ ಅಣ್ಣನ ಮಕ್ಕಳಿಗೆ ಹೆಚ್ಚು ಇತ್ತು ಎಂದು ಇದರಿಂದ ಸಾಧಿಸಲಾಗದು. ಹಳೆಯ ಪತ್ರವೊಂದು ತನ್ನ ಮಕ್ಕಳಿಗೆ ಅಪಾಯವಾದೀತೆಂಬ ಅಳುಕು ದೊರೆಗೆ ಇತ್ತು ಎಂಬುದಂತೂ ಸ್ಪಷ್ಟ.

ಹಂಚಿಕೆಯನ್ನೇ ನೋಡೋಣ. ಎಥೆಲ್‌ಹೆಲ್ಮ್‌ಗೆ ಎಂಟು ಜಮೀನುಗಳು, ಎಥೆಲ್‌ವೋಲ್ಡ್‌ಗೆ ಗೊಡಾಲ್ಮಿಂಗ್, ಗಿಲ್ಫೋರ್ಡ್, ಸ್ಟೆನಿಂಗ್ ಎಂಬ ಮೂರೇ. ಮೂರೂ ಸರ್ರೆ, ಸಸೆಕ್ಸ್ ಸೀಮೆಗಳಲ್ಲಿವೆ. ರಾಜ್ಯದ ಹೃದಯಭಾಗದ ಪಶ್ಚಿಮದ ಭೂಮಿ ಹೆಚ್ಚಾಗಿ ಆಲ್ಫ್ರೆಡ್‌ನ ಗಂಡುಮಕ್ಕಳಿಗೆ ಹೋಯಿತು. ಹಣದಲ್ಲಿ ಇಬ್ಬರು ಮಕ್ಕಳಿಗೆ ತಲಾ 500 ಪೌಂಡ್. ಅಣ್ಣನ ಮಕ್ಕಳಿಗೆ ತಲಾ 100 ಮ್ಯಾಂಕಸ್ (ಪೌಂಡ್‌ಗಿಂತ ಬಹಳ ಕಿರಿದಾದ ಆಗಿನ ಹಣದ ಮಾನ), ಅಂದರೆ ಪ್ರಾಂತಾಧಿಕಾರಿಗಳಿಗೆ ಸಿಕ್ಕಷ್ಟೇ. ಎಥೆಲ್‌ವೋಲ್ಡ್ ಹಿಡಿದ ವಿಂಬೋರ್ನ್ ಈ ಪಟ್ಟಿಯಲ್ಲಿ ಇಲ್ಲ. ಅಲ್ಲಿರುವುದು ಅವನ ತಂದೆಯ ಸಮಾಧಿ. ತಂದೆಯ ಹಕ್ಕು ತನ್ನದು ಎಂದು ಸಾರಲು ಇದಕ್ಕಿಂತ ತಕ್ಕ ಸ್ಥಳ ವೆಸೆಕ್ಸ್‌ನಲ್ಲಿ ಇರಲಿಲ್ಲ.

ಹಿರಿಯ ಮಗನಿಗೇ ಪಟ್ಟ ಎಂಬ ನಿಯಮ ಆಗ ಇರಲಿಲ್ಲ, ಆದ್ದರಿಂದ ಅವನಿಗೆ ಹಕ್ಕೇ ಇರಲಿಲ್ಲ ಎಂದು ಕೆಲವರು ವಾದಿಸುತ್ತಾರೆ. ಮೊದಲ ಮಾತು ನಿಜ. ಎರಡನೆಯದು ಅದರಿಂದ ಹೊರಡುವುದಿಲ್ಲ. ಯುದ್ಧಕಾಲದಲ್ಲಿ ಮಕ್ಕಳನ್ನು ಬಿಟ್ಟು ವಯಸ್ಕನನ್ನು ಆರಿಸಬಹುದು ಎಂಬ ಪದ್ಧತಿ 871ರಲ್ಲಿ ಆಲ್ಫ್ರೆಡ್‌ಗೆ ಒದಗಿತು. 899ರಲ್ಲಿ ಎಥೆಲ್‌ವೋಲ್ಡ್ ವಯಸ್ಕ. ಅವನ ತಾಯಿ ವುಲ್ಫ್‌ಥ್ರಿತ್ 868ರ ಶಾಸನವೊಂದರಲ್ಲಿ ರಾಣಿ ಎಂಬ ಬಿರುದಿನೊಂದಿಗೆ ಸಾಕ್ಷಿ ಹಾಕಿದ್ದಾಳೆ, ಎಡ್ವರ್ಡ್‌ನ ತಾಯಿಗೆ ಆ ಬಿರುದು ಕಾಣುವುದಿಲ್ಲ. 890ರ ದಶಕದ್ದೆನ್ನಲಾದ ಶಾಸನವೊಂದರಲ್ಲಿ ಇಬ್ಬರೂ ‘ರಾಜಪುತ್ರ’ರೆಂದು ಸಾಕ್ಷಿ ಹಾಕಿದ್ದು, ಎಥೆಲ್‌ವೋಲ್ಡ್‌ನ ಹೆಸರು ಎಡ್ವರ್ಡ್‌ನ ಹೆಸರಿಗಿಂತ ಮೇಲಿದೆ. ಎಡ್ವರ್ಡ್‌ನ ಪರವಾಗಿ ಹೇಳಬೇಕಾದ್ದೂ ಇದೆ: ಅವನು 893ರಲ್ಲಿ ಡೇನರ ವಿರುದ್ಧ ಸೇನೆ ನಡೆಸಿದ್ದ, ಉಯಿಲು ಅವನಿಗೆ ಭೂಮಿಯ ಬಲ ಕೊಟ್ಟಿತ್ತು. ಅವನು ಗೆದ್ದದ್ದು ಈ ಬಲದಿಂದಲೇ ಹೊರತು ಎದುರಾಳಿಗೆ ಹಕ್ಕಿಲ್ಲದ್ದರಿಂದಲ್ಲ.

ಡೇನರ ಕಡೆ ಸೇರಿದವನಿಗೆ ಎಂಥ ನ್ಯಾಯ ಎಂಬ ಆಕ್ಷೇಪವೇ ಅವನ ಹೆಸರಿಗೆ ಹೆಚ್ಚು ಮಸಿ ಬಳಿದಿದೆ. ಎಡ್ವರ್ಡ್ ವಿಂಬೋರ್ನ್ ಬಳಿಯ ಬ್ಯಾಡ್ಬರಿಯಲ್ಲಿ ಬೀಡುಬಿಟ್ಟ. ಬದುಕಿದರೂ ಸತ್ತರೂ ಇಲ್ಲೇ ಎಂದಿದ್ದ ಎಥೆಲ್‌ವೋಲ್ಡ್ ರಾತ್ರೋರಾತ್ರಿ ಡೇನರ ಹಿಡಿತದಲ್ಲಿದ್ದ ನಾರ್ತಂಬ್ರಿಯಕ್ಕೆ ಓಡಿದ. ಅವನ ಜೊತೆಗಿದ್ದ ಸನ್ಯಾಸಿನಿಯೊಬ್ಬಳು ಮಾತ್ರ ಸಿಕ್ಕಿಬಿದ್ದಳು. ಇಷ್ಟನ್ನು ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದ ಪ್ರತಿಗಳು ಹೇಳುತ್ತವೆ. ಆದರೆ ನಾರ್ತಂಬ್ರಿಯದವರು ಅವನನ್ನು ದೊರೆಯೆಂದು ಒಪ್ಪಿದರು ಎಂಬ ಮಾತು ಬೇರೆ ಪ್ರತಿಗಳಲ್ಲಿದ್ದು, ವೆಸೆಕ್ಸ್ ಆಸ್ಥಾನಕ್ಕೆ ಹತ್ತಿರವಾದ ‘ಎ’ ಪ್ರತಿಯಲ್ಲಿ ಇಲ್ಲ. ಕ್ಯುರ್ಡೇಲ್ ಎಂಬಲ್ಲಿ ಸಿಕ್ಕ ನಿಧಿಯಲ್ಲಿದ್ದ, ‘ಆಲ್ವಾಲ್ಡಸ್’ ಎಂಬ ಹೆಸರು ಹೊತ್ತ ನಾಣ್ಯಗಳು ಅವನವೇ ಎಂದು ಎಣಿಸಿದರೆ, ಬಿಟ್ಟುಹೋದ ಆ ಮಾತಿಗೆ ಬೆಂಬಲ ಸಿಗುತ್ತದೆ. 901ರಲ್ಲಿ ಅವನು ಹಡಗುಪಡೆಯೊಂದಿಗೆ ಬಂದಾಗ ಎಸೆಕ್ಸ್ ಅವನಿಗೆ ತಲೆಬಾಗಿತು. 902ರ ಡಿಸೆಂಬರ್ 13ರ ಹೋಮ್ ಕದನದಲ್ಲಿ ಅವನ ಜೊತೆ ಸತ್ತವರಲ್ಲಿ ಪೂರ್ವ ಆಂಗ್ಲಿಯದ ಡೇನ್ ದೊರೆ ಎಯೋರಿಕ್ ಅಲ್ಲದೆ, ರಾಜವಂಶದ ಬೆಯೋರ್ನೊತ್‌ನ ಮಗ ಬ್ರಿಹ್ಟ್‌ಸಿಯೆ ಕೂಡ ಇದ್ದ, ಹೆಸರು ಇಂಗ್ಲಿಷರದು. ಡೇನರ ಜೊತೆ ಒಪ್ಪಂದಗಳನ್ನು ಆಲ್ಫ್ರೆಡ್ ಕೂಡ ಮಾಡಿಕೊಂಡಿದ್ದ ಎಂಬುದನ್ನು ಮರೆತು ಇವನೊಬ್ಬನನ್ನೇ ದ್ರೋಹಿ ಎನ್ನುವುದು ಸರಿಯಲ್ಲ.

ಕದನದಲ್ಲಿ ರಣಭೂಮಿ ಡೇನರ ವಶದಲ್ಲೇ ಉಳಿಯಿತು, ಹಕ್ಕುದಾರ ಮಾತ್ರ ಉಳಿಯಲಿಲ್ಲ. ಎಥೆಲ್‌ರೆಡ್‌ನ ಕವಲು ಅಲ್ಲಿಗೆ ಅಳಿಯಲೂ ಇಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಪಶ್ಚಿಮ ಪ್ರಾಂತಗಳ ಅಧಿಕಾರಿಯಾಗಿದ್ದ ಎಥೆಲ್‌ವಿಯರ್ಡ್, ಜರ್ಮನಿಯ ಎಸೆನ್ ಮಠದ ಮುಖ್ಯಸ್ಥೆ ಮಟಿಲ್ಡಾಗಾಗಿ ಲ್ಯಾಟಿನ್‌ನಲ್ಲಿ ವೃತ್ತಾಂತ ಬರೆದಾಗ, ಆಕೆ ಆಲ್ಫ್ರೆಡ್‌ನ ವಂಶದವಳು, ತಾನು ಎಥೆಲ್‌ರೆಡ್‌ನ ವಂಶದವನು ಎಂದು ಬಿಡಿಸಿ ಹೇಳಿದ್ದಾನೆ.